ಬೆಂಗ್ರೆಯಲ್ಲಿ ಏಳನೆಯ ಪ್ರಶ್ನೆ

ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ಎಂಟು ನಿಮಿಷ.
ಚೀಲದಲ್ಲಿ ನಲವತ್ತು ಪ್ರಶ್ನಾವಳಿ,
ಪ್ರತಿಯೊಂದರ ನೆತ್ತಿಯಲ್ಲಿ ದಪ್ಪಕ್ಷರ:
‘ಬಾಹ್ಯಾಕಾಶ ಮತ್ತು ಕರಾವಳಿಯ ಸಮಾಜ’.
ಪಕ್ಕದ ಹೆಂಗಸು ಮೀನಿನ ಬುಟ್ಟಿ ಸರಿಸಿ
ಓರೆಗಣ್ಣಲ್ಲಿ ಓದಿ ಕೇಳಿದರು:
‘ಆಕಾಶಕ್ಕೂ ಸರ್ವೆ ಬಂತಾ ಮಾರಾಯ್ರೆ?
ಗಡಿಕಲ್ಲು ಎಲ್ಲಿ ಹಾಕ್ತೀರಿ?’

ನಕ್ಕೆ. ನನ್ನ ಹಾಳೆಗಳಲ್ಲಿ ಆ ಪ್ರಶ್ನೆ ಇರಲಿಲ್ಲ.

ಏಳನೆಯದು: ನಿಮ್ಮ ದಿನನಿತ್ಯದಲ್ಲಿ ಬಾಹ್ಯಾಕಾಶದ ಪಾತ್ರವೆಷ್ಟು?
ಬಹಳ, ಸ್ವಲ್ಪ, ಏನೂ ಇಲ್ಲ.
ತಾಂಡೇಲ ಸದಿಯ ಪುತ್ರನ್
‘ಏನೂ ಇಲ್ಲ’ಕ್ಕೆ ಗುರುತು ಹಾಕಿಸಿ
ಬೋಟಿನ ಕ್ಯಾಬಿನ್ನಿಗೆ ಕರೆದೊಯ್ದರು.
ಜಿಪಿಎಸ್ ಪರದೆಗೆ ಒಣಗಿದ ಮಲ್ಲಿಗೆ.
ಮೊಳೆಗೆ ನೇತಾಡುವ ಅಜ್ಜನ ದಿಕ್ಸೂಚಿ, ಮುಳ್ಳಿಗೆ ತುಕ್ಕು.
‘ಬಂಗುಡೆಯ ಜಾಗ ಮೊದಲು ಬಾಯಲ್ಲಿತ್ತು.
ಕುದುರೆಮುಖದ ಕಿವಿಯ ಮೇಲೆ ಬೊಳ್ಳಿ ಮೂಡಿದಾಗ
ಬಲೆ ಬಿಡು, ಅಂತ ಅಜ್ಜ
ಸಾಯುವಾಗ ನನಗೊಬ್ಬನಿಗೇ ಹೇಳಿದ್ದು.
ಈಗ ಅದು ಹನ್ನೆರಡು ಅಂಕಿ.
ಅಳಿಯ ಫೋಟೊ ಹೊಡೆದುಕೊಂಡ.
ಗುಟ್ಟು ಅಂತ ಒಂದು ಉಂಟಲ್ಲ, ಅದು ಹೋಯ್ತು.
ಹಾಗಂತ ಬರೀಬೇಡಿ.’

ವರದಿಯಲ್ಲಿ ಬರೆಯಲಿಲ್ಲ.

ಕಸಬಾದ ಬೀಪಾತುಮ್ಮನಿಗೆ ಎಪ್ಪತ್ತಾರು.
‘ಚಂದ್ರನಲ್ಲಿ ನೌಕೆ ಇಳಿದದ್ದು ಟೀವಿಯಲ್ಲಿ ಕಂಡೆ, ಸಂತೋಷ.
ಆದರೆ ಹಬ್ಬದ ಮುಂಚಿನ ಸಂಜೆ
ಮಕ್ಕಳೆಲ್ಲ ಹೊಯಿಗೆಯಲ್ಲಿ ಸಾಲಾಗಿ
ಕಡಲಿಗೆ ಮುಖಮಾಡಿ ನಿಲ್ಲುತ್ತಿದ್ದರು.
ಮೊದಲು ಕಂಡವನಿಗೆ ನನ್ನ ನಾಲ್ಕಾಣೆ.
ಈಗ ಕಲ್ಲಿಕೋಟೆಯ ಕಡೆ ಕಂಡಿತು ಅಂತ
ಮೊಬೈಲು ಕೂಗ್ತದೆ.
ನಾಲ್ಕಾಣೆ ಮೊಬೈಲಿಗೆ ಕೊಡ್ಲಾ?’
ಅಂಗಳದಲ್ಲಿ ಹಳೆಯ ಡಿಶ್ಶು ಅಂಗಾತ ಮಲಗಿ
ಎದೆತುಂಬ ಸೀಗಡಿ ಒಣಗಿಸುತ್ತಿತ್ತು.
ಯಾವ ಉಪಗ್ರಹಕ್ಕೆ ಮುಖ ಕೊಟ್ಟಿತ್ತೋ ಯಾರಿಗೂ ನೆನಪಿಲ್ಲ.
ಸೊಸೆ ಮಾತ್ರ ಅದರಿಂದಲೇ
ಮೂರು ನಮೂನೆ ಬಿರಿಯಾನಿ ಕಲಿತಳಂತೆ.

ಹತ್ತೊಂಬತ್ತನೆಯದು ಗ್ರಹಣದ ಪ್ರಶ್ನೆ.
ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕುವವರು,
ಬಸುರಿಯನ್ನು ಒಳಕೋಣೆಯಲ್ಲಿ ಕೂರಿಸುವವರು:
ಮೂವತ್ತೊಂದು ಮನೆ. ಹಾಳೆಯ ಅಂಚಿನಲ್ಲಿ
‘ಮೂಢನಂಬಿಕೆ’ ಎಂಬ ಕಿರಿದಾದ ಅಂಕಣ.
ಕಳೆದ ಗ್ರಹಣಕ್ಕೆ ನನಗೆ ಆರು ತಿಂಗಳು.
ಕಾಪುವಿನಿಂದ ಅಮ್ಮ ನಾಲ್ಕು ಸಲ ಫೋನು ಮಾಡಿದ್ದಳು.
ಅಂದು ನಾನು ಹೊಸ್ತಿಲು ದಾಟಲಿಲ್ಲ.
ಬೆರಳಚ್ಚಿನ ಕೆಲಸ ಬಾಕಿ ಇತ್ತು,
ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ಕೊನೆಗೆ, ಸದಿಯಣ್ಣ ತಾವಾಗಿ ಹೇಳಿದ್ದು:
ಪೋದ ಅಕ್ಟೋಬರಿನಲ್ಲಿ, ನಲವತ್ತು ಮಾರು ನೀರಿನಲ್ಲಿ,
ಬಲೆಗೊಂದು ಭಾರ. ತಿಮಿಂಗಿಲವೆಂದರು, ಹೆಣವೆಂದರು.
ಎಳೆದರೆ ಸುಟ್ಟ ಲೋಹದ ಸಿಲಿಂಡರು,
ಮೈಮೇಲೆ ಯಾವ ದೇಶದ್ದೋ ಅರ್ಧ ಅಕ್ಷರ.
‘ಮುಟ್ಟಬೇಡಿ, ರಾಕೆಟಿನದು’ ಎಂದ ಓದಿದ ಹುಡುಗ.
ಮುಟ್ಟಿಯಾಗಿತ್ತು. ಒಬ್ಬ ಅದರ ಮೇಲೆ ಕೂತು ಬೀಡಿ ಸೇದಿಯೂ ಆಗಿತ್ತು.
ದಡದಲ್ಲಿ ಜನವೋ ಜನ. ಯಾರೋ ಕುಂಕುಮ ಇಟ್ಟರು,
ಇನ್ಯಾರೋ ಗುಜರಿಗೆ ರೇಟು ಕೇಳಿದರು.
ಪೊಲೀಸರು ಬಂದು ಲಾರಿಗೆ ಹಾಕಿಕೊಂಡು
ರಶೀದಿ ಕೊಟ್ಟರು: ‘ವಸ್ತು ಒಂದು.’

‘ಅದೆಲ್ಲ ಸರಿ. ಬಲೆ ಹರಿದದ್ದು ಎಪ್ಪತ್ತೆಂಟು ಸಾವಿರದ್ದು.
ಮೀನುಗಾರಿಕೆಯವರು ನಮ್ಮದಲ್ಲ ಅಂದರು,
ಪೊಲೀಸರು ನಮ್ಮದಲ್ಲ ಅಂದರು.
ಬಿದ್ದದ್ದು ಮೇಲಿಂದ ಅಲ್ವಾ?
ಮೇಲಿನದ್ದು ಯಾರದ್ದು ಟೀಚರೇ?
ನೀವು ಅದನ್ನೇ ಓದಿದ್ದಲ್ವಾ?’

ಓದಿದ್ದೆ. ಆಕಾಶ ಸರ್ವರದ್ದು ಎಂಬ
ಒಪ್ಪಂದದ ಸಾಲು ಬಾಯಿಪಾಠವಿತ್ತು.
ಹರಿದ ಬಲೆಯ ಮುಂದೆ ಅದನ್ನು ಹೇಳಲು
ನಾಲಗೆ ಏಳಲಿಲ್ಲ.

‘ಒಂದು ಅರ್ಜಿಯಾದರೂ ಬರೆದುಕೊಡಿ.’
ನಲವತ್ತನೆಯ ಪ್ರಶ್ನಾವಳಿ ಮಗುಚಿ
ಖಾಲಿ ಬೆನ್ನಿನ ಮೇಲೆ ಎಡಕ್ಕೆ ಬರೆದೆ:
ಇಂದ, ಸದಿಯ ಪುತ್ರನ್, ತೋಟ ಬೆಂಗ್ರೆ.
ಅದರ ಕೆಳಗೆ: ಇವರಿಗೆ,

ಪೆನ್ನು ನಿಂತಿತು. ಕೊನೆಯ ದೋಣಿಯ ಹಾರ್ನು.
ಅವರು ಬಲೆಯ ತೂತಿನಲ್ಲಿ ಕೈ ತೂರಿಸಿ
ಎಷ್ಟು ದೊಡ್ಡದೆಂದು ಇನ್ನೊಮ್ಮೆ ತೋರಿಸಿದರು.
‘ಎರಡು ಗೆರೆ ಜಾಗ ಬಿಡಿ.
ವಿಳಾಸ ಆಮೇಲೆ ತುಂಬಿಸುವ.’